ರಾಜನ ಮೀಸೆ ಕೀಳಿಸಿದ ಮುಖ್ಯ ಅತಿಥಿಗಳಿಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದ ತಾವು, ನಾಟಕ ನಡೆಯುತ್ತಿರುವಾಗಲೇ ಮೈಕು ಹಿಡಿದು ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಮೀಸೆಯನ್ನು ಎಲ್ಲರ ಮುಂದೆ ಕೀಳಿಸಿದಿರಿ. ಆ ಹುಡುಗಿ ನನ್ನ ಮಗಳು ಭಾನುಪ್ರಿಯಾ. ಮೀಸೆಯೂ ನನ್ನದೇ. ಅಂದರೆ ನನ್ನ ಮುಖದ್ದಲ್ಲ, ನನ್ನ ನಾಟಕದ ಟ್ರಂಕಿನದು. ಅವತ್ತಿನಿಂದ ಅವಳು ಶಾಲೆಯ ಕಡೆ ತಲೆ ಹಾಕಿಲ್ಲ. ಮುಂದಿನ ತಿಂಗಳು ಪರೀಕ್ಷೆ. ಕಚೇರಿಗೆ ಬಂದಾಗಲೆಲ್ಲ ತಾವು ಮೀಟಿಂಗಿನಲ್ಲಿದ್ದಿರಿ. ಪೇಪರಿನಲ್ಲಿ ಬರೆದರೆ ಮೀಟಿಂಗಿನಲ್ಲೂ ಓದಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಾದಲಿ ಕಡೆಯವನು. ರೇಷ್ಮೆ ಹುಳು ಸಾಕುತ್ತೇನೆ, ಬಿಡುವಾದಾಗ ಊರೂರಿನ ಪೌರಾಣಿಕ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡುತ್ತೇನೆ. ರಾಣಿಯ ಪಾತ್ರ ಕೊಡುವಂಥ ಮುಖವನ್ನು ದೇವರು ನನಗೆ ಕೊಟ್ಟಿಲ್ಲ. ರಾಣಿಗೆ ಗಾಳಿ ಬೀಸುತ್ತ ರಾಜನನ್ನು ಆಡಿಕೊಳ್ಳುವ ದಾಸಿಯ ಪಾತ್ರ ನನ್ನದು. ಐದನೇ ಕ್ಲಾಸಿಗೇ ಓದು ಬಿಟ್ಟ ನನ್ನನ್ನು ನಾಲ್ಕು ಜನ ಗುರುತು ಹಿಡಿಯುತ್ತಾರೆ ಅಂದರೆ ಅದಕ್ಕೆ ಕಾರಣ ನನ್ನ ಹೆಂಡತಿ ವರಲಕ್ಷ್ಮಮ್ಮನ ಹಳೆ ಸೀರೆಗಳು.

ತಾವು ಅರ್ಧಕ್ಕೆ ನಿಲ್ಲಿಸಿದ ನಾಟಕದ ಕಥೆ ತಮಗೆ ಗೊತ್ತಿರಲಿಕ್ಕಿಲ್ಲ. ಅದು ನಡೆಯುತ್ತಿದ್ದಷ್ಟು ಹೊತ್ತೂ ತಾವು ಫೋನು ನೋಡುತ್ತಿದ್ದಿರಿ. ಕನ್ನಡದ ಟೀಚರು ಪ್ರಿಯಂವದಾ ಮೇಡಂ ಮತ್ತು ಹುಡುಗಿಯರು ಸೇರಿ ಕಟ್ಟಿದ ನಾಟಕ ಅದು. ಒಬ್ಬ ರಾಜನಿಗೆ ಊರಿನವರ ಮೇಲೆ ಸಿಟ್ಟು ಬಂದು ಕೆರೆಯ ತೂಬು ಮುಚ್ಚಿಸುತ್ತಾನೆ. ಗದ್ದೆ ಒಣಗುತ್ತವೆ, ದನ ಬಾಯಾರಿ ಕೂಗುತ್ತವೆ. ಕೊನೆಗೆ ಒಬ್ಬಳು ಮುದುಕಿ ಖಾಲಿ ಬಿಂದಿಗೆ ತಂದು ಸಿಂಹಾಸನದ ಮುಂದೆ ಇಡುತ್ತಾಳೆ. ಆಗ ರಾಜ ಕಿರೀಟ ತೆಗೆದು, "ತಪ್ಪು ನನ್ನದು, ತೂಬು ಎತ್ತಿರಿ" ಅನ್ನಬೇಕು. ಅಲ್ಲಿಗೆ ನಾಟಕ ಮುಗಿಯುತ್ತದೆ. ರಾಜ ನನ್ನ ಮಗಳು. ಹಿಪ್ಪುನೇರಳೆ ಸೊಪ್ಪು ಹಾಕುವಾಗಲೆಲ್ಲ ಅದನ್ನೇ ಹೇಳಿ ಹೇಳಿ, ನಮ್ಮ ಹುಳುಗಳಿಗೂ ಆ ಮಾತು ಬಾಯಿಪಾಠವಾಗಿತ್ತು.

ಬಿಂದಿಗೆ ಇಟ್ಟಾಗಿತ್ತು. ಅಷ್ಟರಲ್ಲಿ ತಾವು ತಲೆ ಎತ್ತಿ ನೋಡಿದಿರಿ.

"ಏನಮ್ಮಾ ಇದು? ಹೆಣ್ಣುಮಕ್ಕಳಿಗೆ ಮೀಸೆ ಯಾಕೆ? ತೆಗಿ ಅದನ್ನ."

ಪ್ರಿಯಂವದಾ ಮೇಡಂ ಓಡಿ ಬಂದು, "ಸಾರ್, ಇನ್ನೊಂದೇ ಮಾತಿದೆ, ಮುಗಿದೋಗುತ್ತೆ" ಅಂದರು.

"ನೀವು ಸುಮ್ನಿರಿ ಮೇಡಂ. ಹೆಣ್ಣುಮಕ್ಕಳು ಹೆಣ್ಣುಮಕ್ಕಳ ಥರ ಇರ್ಬೇಕು. ತೆಗಿಯಮ್ಮಾ, ಎಲ್ಲಾರೂ ಕಾಯ್ತಾವ್ರೆ."

ಆ ಮೀಸೆಯನ್ನು ಅಂಟಿಸಿದವನು ನಾನು. ಬೆವರಿಗೆ ಬೀಳದಿರಲಿ ಅಂತ ಗೋಂದು ಚೆನ್ನಾಗಿಯೇ ಬಳಿದಿದ್ದೆ. ಅದನ್ನು ಕೊಬ್ಬರಿ ಎಣ್ಣೆ ಹಚ್ಚಿ ನೆನೆಸಿ ಬಿಡಿಸಬೇಕು. ಅವಳು ಒಂದೇ ಸಲ ಎಳೆದಳು. ಮೇಲ್ದುಟಿಯ ಚರ್ಮ ಕಿತ್ತು ಬಂತು. ಜನ ನಕ್ಕರು. ನಗು ಅನ್ನೋದು ನನ್ನ ಕಸುಬು ಸ್ವಾಮಿ, ಅದರ ತರಾವರಿ ನನಗೆ ಗೊತ್ತು. ಪಾತ್ರ ನೋಡಿ ನಗುವುದು ಬೇರೆ, ಆ ಪಾತ್ರದ ಒಳಗಿರುವ ಮಗುವನ್ನು ನೋಡಿ ನಗುವುದು ಬೇರೆ. ಅವತ್ತಿನದು ಎರಡನೆಯದು. ಅದಾದ ಮೇಲೆ ತಾವು ಅದೇ ಮೈಕಿನಲ್ಲಿ ಭಾಷಣ ಮಾಡಿದಿರಿ. ವಿಷಯ: ಹೆಣ್ಣುಮಕ್ಕಳು ಧೈರ್ಯವಂತರಾಗಬೇಕು.

ಈಗ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ಹೋದ ವರ್ಷ ಜಂಗಮಕೋಟೆಯಲ್ಲಿ ನಮ್ಮ ನಾಟಕಕ್ಕೆ ಬಂದಿದ್ದ ಗಣ್ಯರಲ್ಲಿ ತಾವೂ ಒಬ್ಬರು. ನಾನು ಸೀರೆ ಉಟ್ಟು, ಜಡೆ ಹಾಕಿಕೊಂಡು, ಕೈತುಂಬ ಬಳೆ ತೊಟ್ಟು ನಿಂತಿದ್ದೆ. ತಾವೇ ಸ್ಟೇಜಿಗೆ ಬಂದು ನನಗೆ ಶಾಲು ಹೊದಿಸಿದಿರಿ. "ಎಷ್ಟು ಲಕ್ಷಣವಾಗಿದ್ದೀಯಪ್ಪಾ, ಹೆಂಗಸರೇ ನಾಚ್ಕೋಬೇಕು" ಅಂದಿರಿ. ಆ ಫೋಟೋಗೆ ಕಟ್ಟು ಹಾಕಿಸಿ ನಮ್ಮ ನಡುಮನೆಯ ಗೋಡೆಗೆ ಹಾಕಿದ್ದೇನೆ. ಗಂಡಸರು ಗಂಡಸರ ಥರ ಇರಬೇಕು ಅನ್ನುವುದು ಅವತ್ತು ತಮಗೆ ಯಾಕೆ ಹೊಳೆಯಲಿಲ್ಲ? ನಾನು ಸೀರೆ ಉಟ್ಟರೆ ಕಲೆ, ನನ್ನ ಮಗಳು ಪಂಚೆ ಉಟ್ಟರೆ ಕೊಲೆಯೇ? ಹೆಣ್ಣುಮಕ್ಕಳ ಶಾಲೆಯಲ್ಲಿ ರಾಜ ಎಲ್ಲಿಂದ ಬರಬೇಕಿತ್ತು? ಪಕ್ಕದ ಗಂಡುಮಕ್ಕಳ ಶಾಲೆಯಿಂದ ಕರೆಸಿದ್ದರೆ, ಅವನು ಇಲ್ಲಿಗೆ ಯಾಕೆ ಬಂದ ಅಂತ ತಾವೇ ಇನ್ನೊಂದು ನೋಟೀಸು ಕೊಡುತ್ತಿದ್ದಿರಿ.

ನೋಟೀಸು ಅಂದಾಗ ನೆನಪಾಯಿತು. ಪ್ರಿಯಂವದಾ ಮೇಡಂಗೆ ಕಾರಣ ಕೇಳಿ ನೋಟೀಸು ಬಂದಿದೆ. ಇನ್ನು ಮುಂದೆ ಶಾಲೆಯ ಯಾವ ಸಮಾರಂಭದಲ್ಲೂ ಹುಡುಗಿಯರು ಗಂಡಿನ ವೇಷ ಹಾಕಬಾರದು ಅಂತ ಆದೇಶವೂ ಬಂದಿದೆ. ಕಳಚಿ ಬೀಳುವ ಹೆಂಚು ಸರಿ ಮಾಡಿಸಿ ಅಂತ ಶಾಲೆಯವರು ಅರ್ಜಿ ಕೊಟ್ಟು ಮೂರು ಮಳೆಗಾಲ ಕಳೆದವು, ಅದಕ್ಕೆ ಉತ್ತರವಿಲ್ಲ. ಮೀಸೆಯ ಆದೇಶ ಮಾತ್ರ ವಾರದೊಳಗೆ ಬಂತು.

ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಮಾರನೇ ದಿನ ಅವಳು ಶಾಲೆಗೆ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಹುಡುಗರು ಅವಳನ್ನು ನೋಡಿ ಒಬ್ಬೊಬ್ಬರೇ ಮೀಸೆ ತಿರುವಿದರು. ಇನ್ನೂ ಮೀಸೆಯೇ ಬರದ ಹುಡುಗರು. ಅವಳು ಬಸ್ಸು ಹತ್ತದೆ ವಾಪಸ್ಸು ಬಂದಳು.

"ಸಾಕ್ಬಿಡ್ರೀ ಅವಳು ಓದಿದ್ದು. ಊರವರ ಬಾಯಿಗೆ ಎಷ್ಟು ದಿನ ಬೀಳ್ತಾಳೆ? ಹುಳದ ಮನೇಲೂ ಕೈ ಬೇಕಾಗೈತೆ" ಎನ್ನುತ್ತಾಳೆ ವರಲಕ್ಷ್ಮಮ್ಮ. ಹಾಗೆ ಹೇಳುತ್ತಲೇ ಮಗಳ ತುಟಿಗೆ ಬೆಣ್ಣೆ ಹಚ್ಚುತ್ತಾಳೆ.

ಊರನ್ನೆಲ್ಲ ನಗಿಸುವ ನಾನು ಸೀರೆ ಸುತ್ತಿಕೊಂಡು ಅಡುಗೆಮನೆಯಲ್ಲಿ ಕುಣಿದೆ. ಭಾನು ನಗಲಿಲ್ಲ. ಗೋಡೆಯ ಮೇಲಿನ ಫೋಟೋ ನೋಡಿ ಕೇಳಿದಳು:

"ಅಪ್ಪಾ, ಅವತ್ತು ನಿಂಗೆ ಶಾಲು ಹಾಕಿದ್ದೂ ಇವ್ರೇ ಅಲ್ವಾ?"

"ಹೂಂ ಕಣಮ್ಮಾ."

"ನಂಗ್ಯಾಕಪ್ಪಾ ಹಂಗೆ ಮಾಡಿದ್ರು? ನಾನು ಚೆನ್ನಾಗಿ ಮಾಡ್ಲಿಲ್ವಾ?"

ಎಂಥ ಸ್ಟೇಜಿನಲ್ಲೂ ಮಾತು ಮರೆತವನಲ್ಲ ನಾನು. ಆದರೆ ಇದಕ್ಕೆ ಉತ್ತರ ಹೇಳಬೇಕಾದವನು ನಾನಲ್ಲ. ಅದಕ್ಕೇ ಪ್ರಶ್ನೆಯನ್ನು ತಮ್ಮ ಕಡೆಗೆ ದಾಟಿಸುತ್ತಿದ್ದೇನೆ. ಅವಳು ಕೆಟ್ಟದಾಗಿ ಮಾಡಿದಳೇ? ಅಥವಾ ರಾಜನೊಬ್ಬ ತಪ್ಪೊಪ್ಪಿಕೊಳ್ಳುವುದನ್ನು ನೋಡಲು ತಮಗೆ ಕಷ್ಟವಾಯಿತೇ?

ಪರೀಕ್ಷೆಗೆ ಮುಂಚೆ ಹತ್ತನೇ ಕ್ಲಾಸಿನವರಿಗೆ ಬೀಳ್ಕೊಡುಗೆ ಇದೆ. ಅವತ್ತು ಪಾಯಸ, ಚಿತ್ರಾನ್ನ, ಗ್ರೂಪ್ ಫೋಟೋ, ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುವುದು ಎಲ್ಲಾ ಇರುತ್ತದೆ. ಮೇಡಂಗೆ ಕೊಟ್ಟ ನೋಟೀಸನ್ನೂ ಮೀಸೆಯ ಆದೇಶವನ್ನೂ ಅಷ್ಟರೊಳಗೆ ವಾಪಸ್ಸು ತೆಗೆದುಕೊಳ್ಳಿ. ಅವತ್ತು ಆ ನಾಟಕದ ಕೊನೆಯ ಸೀನು ನಡೆಯಲು ಬಿಡಿ. ತಾವೂ ಬಂದು ಮುಂದಿನ ಸಾಲಿನಲ್ಲೇ ಕೂತು, ಫೋನು ಜೇಬಿಗೆ ಹಾಕಿಕೊಂಡು ನೋಡಿ. ಮುಖ್ಯ ಅತಿಥಿಗಳು ಚಪ್ಪಾಳೆ ತಟ್ಟಿದರೆ ಬಸ್ ಸ್ಟ್ಯಾಂಡಿನ ಹುಡುಗರ ಕೈ ತಾನಾಗಿ ಕೆಳಗಿಳಿಯುತ್ತದೆ. ನನ್ನ ಮಗಳು ಪರೀಕ್ಷೆಗೆ ಹೋಗುತ್ತಾಳೆ.

ಖಾಲಿ ಬಿಂದಿಗೆ ಇನ್ನೂ ಸಿಂಹಾಸನದ ಮುಂದೆಯೇ ಇದೆ ಸ್ವಾಮಿ. "ತಪ್ಪು ನನ್ನದು, ತೂಬು ಎತ್ತಿರಿ" ಅನ್ನುವ ಮಾತನ್ನು ಇನ್ನೂ ಯಾರೂ ಆಡಿಲ್ಲ. ಅದನ್ನು ನನ್ನ ಮಗಳು ಆಡಲಿ. ಅವಳು ಆಡಲೇಕೂಡದು ಅನ್ನುವುದಾದರೆ ತಾವೇ ಸ್ಟೇಜಿಗೆ ಬಂದು ಆಡಿ. ಗೋಂದಿನ ತೊಂದರೆಯೂ ಇಲ್ಲ, ಮೀಸೆ ತಮಗೆ ಇದ್ದೇ ಇದೆ.

ಇಂತಿ,
ತಾವು ಶಾಲು ಹೊದಿಸಿದ ದಾಸಿ,
ತಾವು ಮೀಸೆ ಕೀಳಿಸಿದ ರಾಜನ ಅಪ್ಪ,
ಗಂಗುಲಪ್ಪ