ಸೌದೆ ಎಂದು ಬರೆದ ಹಲಗೆ

ಅಣ್ಣಾ,

ನೀನು ಸಿಟ್ಟಿನಲ್ಲಿ ಹೊತ್ತುಕೊಂಡು ಹೋದ ಅಕ್ರೋಟು ಹಲಗೆ ಹೋದ ವಾರ ಬಂದೂಕಿನ ಹಿಡಿಯಾಗಿ ನಮ್ಮ ಅಂಗಡಿಗೇ ಬಂತು. ಆ ಅಲೆಯಲೆಯಾದ ಗೆರೆ ನೋಡಿದೊಡನೆ ಗುರುತು ಸಿಕ್ಕಿತು. ಅಂದು ಅದರ ಮೇಲೆ ನೀನು ಸೀಮೆಸುಣ್ಣದಲ್ಲಿ 'ಒಂದನೇ ದರ್ಜೆ' ಎಂದು ಬರೆದಿದ್ದೆ. ಹಿಡಿ ಮಾಡಿದರೆ ಕೈ ಹಿಡಿಯುವ ಕಡೆ ಮರದ ಎಳೆ ಓರೆಯಾಗಿದೆ, ಮುರಿಯುತ್ತದೆ ಎಂದು ನಾನು ಗಿರಾಕಿಯ ಎದುರಿಗೇ ಬಟ್ಟೆಯಲ್ಲಿ ಒರೆಸಿ, 'ಸೌದೆ' ಎಂದು ಬರೆದೆ.

"ಮಾಡ್ಕೊಟ್ಟೋರು ಹೋದ ವರ್ಷ ತೀರ್ಕೊಂಡ್ರು. ನೀವು ಎಣ್ಣೆ ಹಚ್ಚಿ ಕೊಡ್ತೀರಾ?" ಎಂದರು ತಂದವರು.

ಹೂಂ ಎಂದೆ. ತಮ್ಮನೆಂದು ಹೇಳಿಕೊಳ್ಳಲಿಲ್ಲ.

ಇಪ್ಪತ್ತು ವರ್ಷವಾದರೂ ಬಿರುಕಿಲ್ಲ. ಭೂತಗನ್ನಡಿ ಹಿಡಿದು ಹುಡುಕಿದ್ದೇನೆ. ಹಿಂಬದಿಯ ತಗಡು ಬಿಚ್ಚಿದರೆ, ಒಳಗೆ ಪೆನ್ಸಿಲಿನಲ್ಲಿ, ನಿನ್ನ ಕೈಬರಹದಲ್ಲಿ, 'ಸೌದೆ' ಎಂದಿತ್ತು. ನಗುತ್ತ ಬರೆದೆಯೋ, ಹಲ್ಲು ಕಚ್ಚಿಕೊಂಡು ಬರೆದೆಯೋ ತಿಳಿಯಲಿಲ್ಲ.

ಉಳಿದ ಕಡೆಗೆಲ್ಲ ಮೂರು ಸಲ ಎಣ್ಣೆ ಹಚ್ಚಿದೆ. ಆ ಅಕ್ಷರದ ಮೇಲೆ ಮಾತ್ರ ಬಟ್ಟೆ ಆಡಿಸಲಿಲ್ಲ.