ಸ್ನೇಹಾಳ ಎಡಗಣ್ಣು

ಮಾರ್ಚ್ 9

ಮದುವೆ ಆಲ್ಬಮ್ ಎರಡು ಬಾಕಿ. ಆದರೂ ಸ್ಟುಡಿಯೋ ಹೆಂಡತಿ ಕಾವ್ಯಳಿಗೆ ಬಿಟ್ಟು ಬನಹಟ್ಟಿಯಿಂದ ಮುಧೋಳದ ಬಸ್ಸು ಹತ್ತಿದೆ. ಬೀದಿ ವ್ಯಾಪಾರಿಗಳ ಚಿತ್ರ ತೆಗೆದು ಜಮಖಂಡಿಯಲ್ಲಿ ಒಂದು ಪ್ರದರ್ಶನ ಮಾಡಬೇಕೆಂಬ ಹುಚ್ಚು. ಹೊರಡುವಾಗ ಅವಳು ನಕ್ಕಳು. "ಇಂಥಾ ಬಿಸಲಾಗ ಯಾರರ ಫೋಟೋ ತಗೀತಾರೇನ್ರಿ?"

ಖರೆ. ನೆತ್ತಿ ಮೇಲೆ ಸೂರ್ಯ, ಎಲ್ಲರ ಕಣ್ಣಗುಳಿಯಲ್ಲೂ ಕಪ್ಪು. ಫೋಟೋದಲ್ಲಿ ಬಾಳೆಹಣ್ಣಿನವನ ಬಿಳಿ ಟೋಪಿ ಬೆಳಕಿಗೆ ಪೂರ್ತಿ ಸುಟ್ಟು ಬರೀ ಬಿಳುಪಾಗಿದೆ. ಆದರೆ ಅವರು ದಿನಾ ಕೂರುವುದು ಆ ಬಿಸಿಲಲ್ಲೇ...

ಬಸ್ ಸ್ಟ್ಯಾಂಡಿನ ಎದುರು ಕಲ್ಲಂಗಡಿ ಮಾರುವ ಮಂಗಲಾ. ನೀಲಿ ತಾಡಪತ್ರಿಯ ನೆರಳಲ್ಲಿ, ಗೋಣಿಚೀಲದ ಮೇಲೆ ಅವಳ ಮಗಳು. ಸ್ನೇಹಾ. ಎರಡು ವರ್ಷವಂತೆ.

"ನಂದ್ ಬ್ಯಾಡ್ರಿ ಅಣ್ಣಾರ. ಮಗಳ್ದ ತಗೀರಿ. ಇಕಿದು ಒಂದೂ ಛಲೋ ಫೋಟೋ ಇಲ್ಲ."

ಹೊರಗೆ ಬೆಂಕಿ, ಒಳಗೆ ಕತ್ತಲು. ಫ್ಲ್ಯಾಶ್ ಹಾಕಿದೆ.

ಮಾರ್ಚ್ 11

ದಿನವಿಡೀ ಎಡಿಟಿಂಗ್. ಬಿಸಿಲು ಇಳಿಸು, ನೆರಳು ಎತ್ತು. ಹೆಚ್ಚಿನವು ಕೆಲಸಕ್ಕೆ ಬಾರವು. ಸ್ನೇಹಾಳದೊಂದು ಗೆದ್ದಿದೆ. ತಾಡಪತ್ರಿಯ ನೀಲಿ ಕೆನ್ನೆಗೆ ಬಡಿದಿತ್ತು — ತೆಗೆದೆ. ಎಡಗಣ್ಣಿನ ಪಾಪೆ ಮಾತ್ರ ಬೆಳ್ಳಗೆ ಬಂದಿದೆ. ಫ್ಲ್ಯಾಶಿನ ಕಾಟ. ಮದುವೆ ಫೋಟೋಗಳಲ್ಲಿ ಕೆಂಪು ಕಣ್ಣು ತಿದ್ದಿ ತಿದ್ದಿ ಕೈ ಪಳಗಿದೆ. ಬಲಗಣ್ಣಿನ ಕಪ್ಪನ್ನು ಕಾಪಿ ಮಾಡಿ ಎಡಕ್ಕೆ ಕೂರಿಸಿದೆ. ಗುರುತೇ ಸಿಗದು.

ಕಾವ್ಯ ಹಿಂದೆ ನಿಂತು ನೋಡಿದಳು. "ಎಷ್ಟ ಚಂದ ಬಂದೈತಿ ಕೂಸು."

ಮಾರ್ಚ್ 16

ಮುಧೋಳಕ್ಕೆ ಹೋಗಿ ಪ್ರಿಂಟ್ ಕೊಟ್ಟೆ. ಮಂಗಲಾ ಸೆರಗಿಗೆ ಕೈ ಒರೆಸಿ, ಅಂಚು ಹಿಡಿದು ತಗೊಂಡಳು. ಗಂಡ ಕರೆಪ್ಪನೂ ಇದ್ದ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. "ಕಟ್ಟ ಹಾಕ್ಸಿ ಗ್ವಾಡಿಗೆ ಹಾಕೂನು," ಎಂದ. ಕಲ್ಲಂಗಡಿ ತಿನ್ನಿಸದೆ ಬಿಡಲಿಲ್ಲ.

ಏಪ್ರಿಲ್ 27

ಬರೆಯಲು ಪುರಸೊತ್ತಿಲ್ಲ. ಮದುವೆ ಮೇಲೆ ಮದುವೆ. ಬೀಳಗಿ, ತೇರದಾಳ, ಮತ್ತೆ ಬೀಳಗಿ.

ಮೇ 18

ಮುಧೋಳದಲ್ಲಿ ಆರ್ಡರ್ ಇತ್ತು. ಮುಗಿಸಿ ಮಂಗಲಾಳ ಅಂಗಡಿಗೆ ಹೋದೆ. ಕೂಸಿನ ಕೊರಳಲ್ಲಿ ಹೊಸ ತಾಯತ.

"ದೃಷ್ಟಿ ಆಗೈತಿ ಅಂತ ನಮ್ಮತ್ತಿ ಕಟ್ಯಾಳ್ರಿ. ಸಂಜಿಮುಂದ ದೀಪದ ಬೆಳಕ ಬಿದ್ರ ಇಕಿ ಒಂದ ಕಣ್ಣ ಬೆಕ್ಕಿನ ಕಣ್ಣಿನಂಗ ಹೊಳೀತೈತಿ. ದವಾಖಾನಿಗೆ ಹೋಗೂನು ಅಂದ್ನಿ. ಇಕಿ ಅಪ್ಪ ಗ್ವಾಡಿ ಮ್ಯಾಗಿನ ಫೋಟೋ ತೋರ್ಸಿದ. 'ನೋಡು, ಎರಡೂ ಕಣ್ಣ ಒಂದ ನಮೂನಿ ಅದಾವು, ನಿನಗ ಭ್ರಾಂತಿ' ಅಂದ. ಸುಮ್ಮನಾದ್ನಿ."

ಸಿಕ್ಕ ಬಸ್ಸು ಹತ್ತಿದೆ. ಬಂದವನೇ ಮೂಲ ಫೈಲ್ ತೆರೆದೆ. ಇದೆ. ಬೆಳ್ಳಗೆ. ಒಂದೇ ಕಣ್ಣು.

ಮೇ 19

ಜಮಖಂಡಿಯ ಕಣ್ಣಿನ ಡಾಕ್ಟರಿಗೆ ಮೊಬೈಲಲ್ಲಿ ತೋರಿಸಿದೆ. ಅವರು ದೊಡ್ಡದು ಮಾಡಿ ನೋಡಿದರು. ದನಿ ಬದಲಾಯಿತು.

"ಯಾವಾಗ ತಗದಿದ್ದಿದು?"

"ಮಾರ್ಚಿನಾಗ್ರಿ."

"ನಾಳೇನ ಕೂಸಿನ್ನ ಕರ್ಕೊಂಡ ಬರ್ರಿ."

ಮೇ 20

ಕಣ್ಣೊಳಗೆ ಗಡ್ಡೆ. ಕ್ಯಾನ್ಸರ್ ಇರಬೇಕು, ತಕ್ಷಣ ಬೆಳಗಾವಿಗೆ ಒಯ್ಯಿರಿ ಎಂದರು.

ಹೊರಗೆ ಬೆಂಚಿನ ಮೇಲೆ ಮಂಗಲಾ, ಕರೆಪ್ಪ ಇಬ್ಬರಿಗೂ ಹೇಳಿದೆ. ಬಿಳಿ ಆಗಲೇ ಇತ್ತು, ನಾನೇ ಅಳಿಸಿದೆ ಎಂದು. ಕರೆಪ್ಪ ನನ್ನ ಮುಖ ನೋಡಲಿಲ್ಲ.

"ಅಂದ್ರ... ಇಕಿ ಹೇಳಿದ್ದು ಖರೆ ಇತ್ತು."

ಅಷ್ಟೇ. ಕೂಸನ್ನು ಎತ್ತಿಕೊಂಡು ಗೇಟಿನ ಆಚೆ ಹೋಗಿ ನಿಂತ. ಬೈದಿದ್ದರೆ...

ಜೂನ್ 12, ಬೆಳಗಾವಿ

ಕಣ್ಣು ತೆಗೆದರು. ಜೀವಕ್ಕೆ ಅಪಾಯ ಇಲ್ಲ, ಬೇರೆ ಕಡೆ ಹಬ್ಬಿಲ್ಲ ಎಂದರು. ಮಾರ್ಚಿನಲ್ಲೇ ಬಂದಿದ್ದರೆ ಕಣ್ಣು ಉಳಿಯುತ್ತಿತ್ತೇ? ಕೇಳಿದೆ. "ಹಂಗ ಹೇಳಾಕ ಬರೂದಿಲ್ಲ" ಎಂದರು ಡಾಕ್ಟರು. ಉಳಿಯುತ್ತಿರಲಿಲ್ಲ ಎನ್ನಲಿಲ್ಲ.

ವಾರ್ಡಿನ ಹೊರಗೆ ಮಂಗಲಾ. ಕೂಸಿನ ಅಂಗಿ ಮಡಚಿದಳು. ಆಮೇಲೆ, "ಆ ಫೋಟೋ ಗ್ವಾಡಿ ಮ್ಯಾಗ ಐತ್ರಿ. ತಗೀಬೇಕೋ ಬ್ಯಾಡೋ ತಿಳಿವಲ್ದು. ಎರಡೂ ಕಣ್ಣ ಇರೂದು ಅದೊಂದ..."

ಜೂನ್ 15

ಪ್ರದರ್ಶನ ಬೇಡ ಎಂದು ಜಮಖಂಡಿಗೆ ಫೋನ್ ಮಾಡಿ ಹೇಳಿದೆ.

ಜುಲೈ 24

ಇಂದು ಕರೆಪ್ಪ ಸ್ಟುಡಿಯೋಕ್ಕೆ ಬಂದ. ಹೆಗಲ ಮೇಲೆ ಸ್ನೇಹಾ. ಆಸ್ಪತ್ರೆಯ ಕಾರ್ಡಿಗೆ ಫೋಟೋ ಬೇಕಂತೆ. ಮುಧೋಳದಲ್ಲಿ ಎಷ್ಟೊಂದು ಸ್ಟುಡಿಯೋ ಇವೆ. ಇಲ್ಲಿಗೇಕೆ ಬಂದ?

"ಬ್ಯಾರೆದವರ ಕಡೆ ತಗಸೂನೇನ್?" ಎಂದೆ.

"ನೀವ ತಗೀರಿ. ಇದ್ದಂಗ ತಗೀರಿ," ಎಂದ.

ಸ್ಟೂಲಿನ ಮೇಲೆ ಕೂರಿಸಿದ. ಎಡರೆಪ್ಪೆ ಒಳಗೆ ಕುಸಿದಿದೆ, ಕೃತಕ ಕಣ್ಣು ಇನ್ನೂ ಹಾಕಿಲ್ಲ. ಕಾವ್ಯ ಅವಳ ಎಡಕ್ಕೆ ನಿಂತು ಕೈ ಬೀಸಿದಳು. ಕೂಸು ನೋಡಲಿಲ್ಲ. ಬಳೆಯ ಸದ್ದಿಗೆ ಇಡೀ ಮುಖ ತಿರುಗಿಸಿ ಹುಡುಕಿದಳು, ಕಾವ್ಯಳನ್ನು ಕಂಡು ನಕ್ಕಳು. ಕಾವ್ಯ ಒಳಗೆ ಹೋಗಿಬಿಟ್ಟಳು.

ಕರೆಪ್ಪ ಒಂದು ಪ್ರಿಂಟ್ ಹೆಚ್ಚಿಗೆ ಕೇಳಿದ. ದೊಡ್ಡದು. "ಗ್ವಾಡಿ ಮ್ಯಾಗ, ಆ ಹಳೇ ಫೋಟೋದ ಬಾಜೂಕ ಹಾಕ್ತೀನಿ."

ನಾಳೆ ಬಂದು ಒಯ್ಯುತ್ತಾನೆ. ಈಗ ಪರದೆ ಮೇಲಿದೆ ಮುಖ. ಏನೂ ಮುಟ್ಟಿಲ್ಲ. ಪ್ರಿಂಟ್ ಕೊಡಬೇಕು. ರೆಪ್ಪೆಯ ಕೆಳಗೆ ಒಂದು ಹನಿ ನಿಂತಿದೆ, ನೀರೋ ಔಷಧವೋ — ಅದನ್ನಾದರೂ ಅಳಿಸಲೇ...