ತೇಗದ ಇಟ್ಟಿಗೆ

ಮಾರ್ಚ್ ೧೪, ಗುರುವಾರ

ನನ್ನ ಪುಟ್ಟಿಗೆ,

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರಕ್ಕೆ ಕೂತಾಗಲೆಲ್ಲ ಏನೋ ಒಂದು ನೆಪ. ಬಡಗಿಗೆ ನೆಪಕ್ಕೇನು ಬರ, ಉಳಿ ಮಸೆಯುತ್ತ ಕೂತರೂ ದಿನ ಕಳೆಯುತ್ತದೆ. ಬೈಯಬೇಡ. ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ತಿಳಿದು ಸಮಾಧಾನವಾಯಿತು.

ಅಮ್ಮನ ಸೊಂಟದ ಮೂಳೆ ಕೂಡಿಕೊಂಡಿಲ್ಲ. ಮೊನ್ನೆ ಮನೆಗೆ ಬಂದಿದ್ದ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನು ಎದ್ದು ಓಡಾಡ್ತಾರೆ ಅನ್ನೋ ಆಸೆ ಇಟ್ಕೋಬೇಡಿ ಯಜಮಾನ್ರೇ" ಎಂದರು. ಒಳಗೆ ಬಂದರೆ ಅವಳು, "ಏನೂ ಹೇಳ್ಬೇಡಿ, ನಿಮ್ಮ ಮುಖಾನೇ ಹೇಳ್ತಿದೆ" ಎಂದು ಗೋಡೆ ಕಡೆ ಮುಖ ತಿರುಗಿಸಿದಳು. ಬೆನ್ನಿನಲ್ಲಿ ಹುಣ್ಣಾಗಿದೆ. ಊಟ ನಾಲ್ಕೇ ತುತ್ತು.

ಎಷ್ಟು ಚೇತರಿಸಿಕೊಂಡಿದ್ದಳು! ಲಕ್ವ ಹೊಡೆದ ಎಡಗಾಲನ್ನು ಎಳೆಯುತ್ತಿದ್ದವಳು ನಾಲ್ಕು ತಿಂಗಳ ಯೋಗದಲ್ಲಿ ಕೋಲು ಬಿಟ್ಟಿದ್ದಳು. ಯೋಗದ ಟೀಚರಮ್ಮ ಯಾರನ್ನೂ ಅವಸರ ಮಾಡುತ್ತಿರಲಿಲ್ಲ. ಕುರ್ಚಿ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಗೋಡೆಗೆ ಬೆನ್ನು ಕೊಟ್ಟು ಪಕ್ಕಕ್ಕೆ ಬಾಗುವುದು, ಕೈ ನೆಲಕ್ಕೆ ಎಟುಕದಿದ್ದರೆ ಮರದ ಇಟ್ಟಿಗೆಯ ಮೇಲೆ ಊರುವುದು. ಅಲ್ಲಿನ ಇಟ್ಟಿಗೆಗಳು ಪ್ಯಾಕಿಂಗ್ ಪೆಟ್ಟಿಗೆಯ ಮರ, ಬರೀ ಸಿಬಿರು. ನನ್ನ ಹೆಂಡತಿ ಅದರ ಮೇಲೆ ಕೈ ಊರುವುದೇ? ತೇಗದಲ್ಲಿ ಒಂದು ಮಾಡಿಕೊಟ್ಟೆ. ಐದು ಮಗ್ಗುಲಿಗೆ ಹೊಳಪು, ನೆಲಕ್ಕೆ ತಾಗುವ ಮಗ್ಗುಲು ಮಾತ್ರ, ಜಾರದಿರಲೆಂದು ಟೀಚರಮ್ಮ ಹೇಳಿ ಕಳಿಸಿದಂತೆ, ಒರಟು. "ಮೂವತ್ತು ವರ್ಷಕ್ಕೆ ಬಡಗಿ ಹೆಂಡ್ತಿಗೂ ಒಂದು ಸಾಮಾನು ಸಿಕ್ತು" ಎಂದು ಕ್ಲಾಸಿನವರಿಗೆಲ್ಲ ತೋರಿಸಿ ನಕ್ಕಳಂತೆ.

ಮರುವಾರ ಕ್ಲಾಸಿನಲ್ಲೇ ಬಿದ್ದಳು. ನಾನು ಓಡಿಹೋದಾಗ ಟೀಚರಮ್ಮ ಅಳುತ್ತಿದ್ದರು. ಇವಳು ಇಟ್ಟಿಗೆಯನ್ನು ಸೆರಗಿನೊಳಗೆ ಅವುಚಿಕೊಂಡು ನೆಲದ ಮೇಲಿಂದಲೇ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಯಾರ ತಪ್ಪೂ ಅಲ್ಲ, ನಂಗೇ ತಲೆ ಸುತ್ತಿಬಿಡ್ತು" ಎನ್ನುತ್ತಿದ್ದಳು.

ಅವತ್ತು ನೀನು ಫೋನಿನಲ್ಲಿ, "ಈ ವಯಸ್ಸಲ್ಲಿ ಯಾಕಮ್ಮ ಬೇಕಿತ್ತು ನಿನಗೆ ಈ ಸರ್ಕಸ್ಸು? ತಲೆ ಸುತ್ತಿದ್ರೆ ಕೂತ್ಕೋಬಾರ್ದಿತ್ತಾ?" ಎಂದು ಗದರಿದೆಯಲ್ಲ, "ಹೂಂ ಕಣೇ, ನನ್ನ ಬುದ್ಧಿಗೇಡಿತನ" ಎಂದಳು. ನಾನು ಪಕ್ಕದಲ್ಲೇ ಕೂತಿದ್ದೆ. ನಿನ್ನ ಕಾಗದದಲ್ಲೂ ಅದೇ ಮಾತಿದೆ. ಅಷ್ಟು ಭಾಗ ಅವಳಿಗೆ ಓದಿ ಹೇಳಲಿಲ್ಲ.

ಈ ತಿಂಗಳ ಕೊನೆಯ ಭಾನುವಾರ ಬರುತ್ತೇನೆಂದು ಬರೆದಿದ್ದೀಯ, ತಪ್ಪಿಸಬೇಡ. ನಿನಗೂ ಅಳಿಯಂದಿರಿಗೂ ಮಕ್ಕಳಿಗೂ ಕೈಕಾಲು ಗಟ್ಟಿಯಾಗಿರಲಿ.

ನಿನ್ನ
ಅಪ್ಪ

ತಾ.ಕ.: ಮರೆತು ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮನಿಗೆ ತಲೆ ಸುತ್ತಿರಲಿಲ್ಲ. ಆ ಒಂದು ಒರಟು ಮಗ್ಗುಲು ವಾರವಿಡೀ ನನ್ನ ಕಣ್ಣು ಚುಚ್ಚುತ್ತಿತ್ತು. ಅರೆಬರೆ ಕೆಲಸ ನನ್ನ ಕೈಯಿಂದ ಯಾವತ್ತೂ ಆಚೆ ಹೋಗಿಲ್ಲವೆಂಬ ಜಂಬ. ಬೀಳುವ ಹಿಂದಿನ ದಿನ, ಅವಳಿಗೂ ಹೇಳದೆ, ಅದಕ್ಕೂ ಪಾಲಿಶ್ ಎಳೆದೆ. ಅವಳಿಗೆ ಗೊತ್ತು. ಆಸ್ಪತ್ರೆಯಲ್ಲಿ ನನ್ನನ್ನು ಹತ್ತಿರ ಕರೆದು, "ಉಪ್ಪುಕಾಗದ ಹಾಕಿ ಕೆಳಗಡೆ ಉಜ್ಜಿಬಿಡಿ, ಪುಟ್ಟಿ ಕಣ್ಣಿಗೆ ಬೀಳೋದು ಬೇಡ" ಎಂದಳು. ನಾನು ಉಜ್ಜಿಲ್ಲ. ಬಾಗಿಲ ಪಕ್ಕದ ಕಿಟಕಿಯಲ್ಲಿಟ್ಟಿದ್ದೇನೆ. ಬಂದವಳು ಮೊದಲು ಅದನ್ನು ಮಗುಚಿ ಕೈಯಾಡಿಸಿ ನೋಡು, ಆಮೇಲೆ ಅಮ್ಮನ ಹತ್ತಿರ ಹೋಗು.